2 ಇಂಚು 5 ಸೆಂಟ್: ಮಳೆ ಲೆಕ್ಕದಿಂದ ಸ್ಪ್ರೆಡ್‌ಶೀಟ್ ಪಾಠ

ಹೈಸ್ಕೂಲಿನ ಸ್ಪ್ರೆಡ್‌ಶೀಟ್ ಪಾಠ ಬಹುತೇಕ ಕಡೆ ಯಾರದೋ ಕಾಲ್ಪನಿಕ ಅಂಕಪಟ್ಟಿಯಿಂದ ಶುರುವಾಗುತ್ತದೆ. ಅದರಲ್ಲಿ 72ರ ಜಾಗದಲ್ಲಿ 27 ಬಿದ್ದರೂ ಯಾವ ಮಗುವಿಗೂ ಗೊತ್ತಾಗುವುದಿಲ್ಲ. ಕೊಡಗಿನಲ್ಲಿ ಇದಕ್ಕಿಂತ ಒಳ್ಳೆಯ ಸಾಮಗ್ರಿ ಕೈಗೆಟುಕುವಷ್ಟು ಹತ್ತಿರವಿದೆ: ಕಾಫಿ ತೋಟದ ಮನೆಗಳಲ್ಲಿ ಬರೆದಿಡುವ ಮಳೆ ಲೆಕ್ಕ. ಕಾಫಿ ಹೂವನ್ನು ಅರಳಿಸುವ ಹೂಮಳೆ ಎಷ್ಟು ಬಿತ್ತು, ಜುಲೈ-ಆಗಸ್ಟ್ ನಡುವಿನ ಕಕ್ಕಡ ತಿಂಗಳಲ್ಲಿ ಎಷ್ಟು ಸುರಿಯಿತು ಎಂಬುದು ಮನೆಮಾತು. ತಪ್ಪು ಟೈಪಾದರೆ ಮಕ್ಕಳೇ ಹಿಡಿಯುತ್ತಾರೆ.

ಪುಸ್ತಕ ತರಿಸುವ ಮುನ್ನ ಒಂದು ಎಚ್ಚರ. ಅದೇ ಪುಸ್ತಕದಲ್ಲಿ ಆಳುಗಳ ಸಂಬಳ, ಸಾಲದ ಲೆಕ್ಕ ಇರಬಹುದು. ಮನೆಯವರ ಒಪ್ಪಿಗೆ ಕೇಳಿ, ಮಳೆಯ ಪುಟದ ಫೋಟೋ ಮಾತ್ರ ತರಿಸಿ. ಫೈಲಿನಲ್ಲಿ ತೋಟದ ಹೆಸರು ಬೇಡ, 'ಮನೆ-1' ಎಂದರೆ ಸಾಕು. ಲೈನ್ ಮನೆಗಳಿಂದ (ತೋಟದ ಕಾರ್ಮಿಕರ ಸಾಲುಮನೆಗಳಿಂದ) ಬರುವ ಮಕ್ಕಳ ಬಳಿ ಇಂಥ ಪುಸ್ತಕ ಇರುವುದಿಲ್ಲ. ಅವರನ್ನು ನೋಡುಗರಾಗಿ ಕೂರಿಸುವುದು ಅನ್ಯಾಯ. ಶಾಲೆಯಂಗಳದಲ್ಲೊಂದು ಮಳೆಮಾಪಕ ಇಟ್ಟು ಅದರ ಹೊಣೆಯನ್ನು ಅವರಿಗೆ ಕೊಡಿ. ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ ಅಳೆಯಬೇಕು. ಹವಾಮಾನ ಇಲಾಖೆ ಅಳೆಯುವುದು 8.30ಕ್ಕೆ.

ಹಾಳೆಯಲ್ಲಿ ಆರು ಕಾಲಮ್: ದಿನಾಂಕ, ಇಂಚು, ಸೆಂಟ್, ಒಟ್ಟು ಇಂಚು, ಮಿಲಿಮೀಟರ್, ಷರಾ. ಇಂಚನ್ನೂ ಸೆಂಟನ್ನೂ ಬೇರೆ ಬೇರೆ ಕಾಲಮಿನಲ್ಲಿ ಇಡುವುದರಲ್ಲೇ ಪಾಠದ ಜೀವ ಇದೆ. ಒಂದು ಇಂಚಿಗೆ 100 ಸೆಂಟ್. 2 ಇಂಚು 5 ಸೆಂಟ್ ಎಂದಿದ್ದರೆ ಹೆಚ್ಚಿನ ಮಕ್ಕಳು 2.5 ಎಂದು ಹೊಡೆಯುತ್ತಾರೆ. ಸರಿಯಾದದ್ದು 2.05, ಅಂದರೆ 52.07 ಮಿ.ಮೀ. 2.5 ಎಂದರೆ 63.5 ಮಿ.ಮೀ. ಆಗಿಬಿಡುತ್ತದೆ, ಬೀಳದ 11 ಮಿ.ಮೀ.ಗೂ ಹೆಚ್ಚು ಮಳೆ ಲೆಕ್ಕಕ್ಕೆ ಸೇರಿತು. ಒಟ್ಟು ಇಂಚಿನ ಕಾಲಮಿಗೆ ಸೂತ್ರ: ಸಮ ಚಿಹ್ನೆ ಹಾಕಿ ಬಿ2+ಸಿ2/100. ಮಿಲಿಮೀಟರಿಗೆ ಡಿ2*25.4. ಸೂತ್ರವನ್ನು ಎರಡನೇ ಸಾಲಿನಲ್ಲಿ ಬರೆದು ಕೆಳಗಿನವರೆಗೂ ಎಳೆಯಲಿ. ಒಬ್ಬರು ಓದಿ ಹೇಳಲಿ, ಇನ್ನೊಬ್ಬರು ಟೈಪ್ ಮಾಡಲಿ, ತಿಂಗಳ ಅರ್ಧಕ್ಕೆ ಜಾಗ ಬದಲಾಗಲಿ. ಒಂದು ಪೀರಿಯಡ್‌ಗೆ ಒಂದು ತಿಂಗಳು ಸಾಕು.

'2 ಇಂಚು' ಎಂದು ಅಕ್ಷರ ಸೇರಿಸಿ ಬರೆದರೆ ಕಂಪ್ಯೂಟರ್ ಅದನ್ನು ಪಠ್ಯವೆಂದೇ ತಿಳಿಯುತ್ತದೆ. ಇಂಚಿನ ಕಾಲಮಿನ ಮೊತ್ತವನ್ನು SUM ಸೂತ್ರದಿಂದ ತೆಗೆಯುವಾಗ ಆ ಮನೆಯನ್ನು (ಸೆಲ್) ಸುಮ್ಮನೆ ಬಿಟ್ಟುಬಿಡುತ್ತದೆ, ದೂರು ಹೇಳುವುದಿಲ್ಲ; ಒಟ್ಟು ಇಂಚಿನ ಕಾಲಮಿನಲ್ಲಿ ಮಾತ್ರ #VALUE! ಎಂಬ ದೋಷ ಕಾಣುತ್ತದೆ. ಗುರುತು ಸುಲಭ: ಸಂಖ್ಯೆ ಬಲಕ್ಕೆ ಅಂಟುತ್ತದೆ, ಪಠ್ಯ ಎಡಕ್ಕೆ. ದಿನಾಂಕದ ಕಾಲಮಿನಲ್ಲಿ 12ರವರೆಗೆ ಬಲಕ್ಕೆ, 13ರಿಂದ ಎಡಕ್ಕೆ ನಿಂತಿದ್ದರೆ ಕಂಪ್ಯೂಟರ್ ಅಮೆರಿಕದ ಪದ್ಧತಿಯಲ್ಲಿದೆ ಎಂದರ್ಥ. 7/8 ಅದಕ್ಕೆ ಜುಲೈ 8, ಮತ್ತು 13ನೇ ತಿಂಗಳು ಇಲ್ಲವಲ್ಲ. ಉಚಿತ ತಂತ್ರಾಂಶವಾದ ಲಿಬ್ರೆಆಫೀಸ್‌ನ ಭಾಷಾ ಸೆಟ್ಟಿಂಗ್‌ನಲ್ಲಿ ಲೊಕೇಲನ್ನು (ಯಾವ ದೇಶದ ಪದ್ಧತಿ ಎಂಬುದನ್ನು) ಭಾರತದ ಇಂಗ್ಲಿಷಿಗೆ ಬದಲಿಸಿ, ದಿನಾಂಕಗಳನ್ನು ಅಳಿಸಿ ಮತ್ತೆ ಟೈಪ್ ಮಾಡಿಸಿ. ಈಗಾಗಲೇ ತಪ್ಪಾಗಿ ಕೂತವು ತಾವಾಗಿ ಸರಿಹೋಗುವುದಿಲ್ಲ.

ಖಾಲಿ ಮನೆಯೂ ಸೊನ್ನೆಯೂ ಒಂದಲ್ಲ ಎಂಬುದನ್ನು ಬಿಡಿಸಿ ಹೇಳಲು ಒಂದಿಡೀ ಪೀರಿಯಡ್ ಕೊಟ್ಟರೂ ನಷ್ಟವಿಲ್ಲ. ಮಳೆ ಬರಲಿಲ್ಲವೆಂದರೆ 0. ಅಳೆಯಲಿಲ್ಲವೆಂದರೆ ಖಾಲಿ. ಸರಾಸರಿಯಲ್ಲಿ ಸೊನ್ನೆ ಒಂದು ದಿನವಾಗಿ ಲೆಕ್ಕಕ್ಕೆ ಬರುತ್ತದೆ, ಖಾಲಿ ಮನೆ ಬರುವುದಿಲ್ಲ. ಆದರೆ ಇಂಚು, ಸೆಂಟ್ ಖಾಲಿ ಇದ್ದರೂ ಸೂತ್ರ 0 ತೋರಿಸುತ್ತದೆ, ಹಾಗಾಗಿ ಅಳೆಯದ ದಿನದ ಸಾಲಿನಲ್ಲಿ ಒಟ್ಟು ಇಂಚು, ಮಿಲಿಮೀಟರಿನ ಸೂತ್ರವನ್ನೂ ಅಳಿಸಬೇಕು. ಮನೆಯವರು ಮದುವೆಗೆ ಹೋಗಿ ಮೂರು ದಿನದ ನೀರನ್ನು ಒಟ್ಟಿಗೆ ಅಳೆದಿದ್ದರೆ ಅದು ಕೊನೆಯ ದಿನದ ಸಾಲಿಗೆ ಹೋಗಲಿ, ಷರಾದಲ್ಲಿ 'ಮೂರು ದಿನದ್ದು' ಎಂದಿರಲಿ. ತಿಂಗಳ ಮೊತ್ತಕ್ಕೆ ಅದು ಬೇಕು. ಅತಿ ಹೆಚ್ಚು ಮಳೆಯ ದಿನ ಯಾವುದು ಎಂದು ಹುಡುಕುವಾಗ ಬಿಡಬೇಕು.

ಚಾರ್ಟಿಗೆ ಕಂಬಗಳೇ ಸರಿ. ದಿನದ ಮಳೆಯನ್ನು ಗೆರೆಯಿಂದ ಜೋಡಿಸಿದರೆ ಎರಡು ಅಳತೆಗಳ ನಡುವೆ ಇಲ್ಲದ ಮಳೆ ಇದ್ದಂತೆ ಕಾಣುತ್ತದೆ. ಭಾಗಮಂಡಲ ಕಡೆಯ ಲೆಕ್ಕವನ್ನೂ ಕುಶಾಲನಗರದ್ದನ್ನೂ ಅಕ್ಕಪಕ್ಕ ಇಡಿಸಿ ನೋಡಿ. ಕುಶಾಲನಗರದಲ್ಲಿ ಮಳೆ ಬಹಳ ಕಡಿಮೆ, ಆದರೂ ಎರಡೂ ಚಾರ್ಟಿನ ಕಂಬಗಳು ಒಂದೇ ಎತ್ತರಕ್ಕೆ ನಿಂತಿರುತ್ತವೆ; ಸಾಫ್ಟ್‌ವೇರ್ ಪ್ರತಿ ಚಾರ್ಟಿಗೂ ಅದರದೇ ಅಳತೆಪಟ್ಟಿ ಹಾಕುತ್ತದೆ. ಲಂಬ ಅಕ್ಷದ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಎರಡಕ್ಕೂ ಕನಿಷ್ಠ 0, ಗರಿಷ್ಠ 10 ಇಂಚು ಎಂದು ಕೊಟ್ಟರೆ ನಿಜ ಕಾಣುತ್ತದೆ. ಅದಕ್ಕೂ ಹೆಚ್ಚು ಸುರಿದ ದಿನವಿದ್ದರೆ ಗರಿಷ್ಠವನ್ನು ಎರಡರಲ್ಲೂ ಏರಿಸಿ.

ಮಳೆಗಾಲದಲ್ಲಿ ಕರೆಂಟ್ ಕೈಕೊಡುವುದು ಖಚಿತ. ಪ್ರತಿ ಐದು ಸಾಲಿಗೊಮ್ಮೆ ಸೇವ್ ಮಾಡುವುದು ರೂಢಿಯಾಗಲಿ. ಫೈಲನ್ನು ತಾನಾಗಿ ಉಳಿಸಿಕೊಳ್ಳುವ ಆಟೋರಿಕವರಿ ಸಾಮಾನ್ಯವಾಗಿ 10 ನಿಮಿಷಕ್ಕಿರುತ್ತದೆ, 2ಕ್ಕೆ ಇಳಿಸಿ.

ಈ ಲೆಕ್ಕ ಕೈಯಲ್ಲಿದ್ದರೆ ವಾಟ್ಸಾಪ್ ಸುದ್ದಿ ನಿಜವೇ ಎಂದು ಪರೀಕ್ಷಿಸುವ ಪಾಠವೂ ಗಟ್ಟಿಯಾಗುತ್ತದೆ: ಆ ದಿನಗಳಲ್ಲಿ ಎಷ್ಟು ಮಳೆ ಬಿದ್ದಿತ್ತು ಎಂದು ಮಕ್ಕಳೇ ನೋಡಬಹುದು. 2018ರ ಆಗಸ್ಟ್‌ನ ಭೂಕುಸಿತ ಕಂಡ ಜಿಲ್ಲೆಯಲ್ಲಿ 'ಈಗಷ್ಟೇ ಗುಡ್ಡ ಕುಸಿದಿದೆ' ಎಂಬ ವಿಡಿಯೊ ಬಂದರೆ ಮನೆಗಳು ಕಂಗಾಲಾಗುತ್ತವೆ. ಮಕ್ಕಳು ವಿಡಿಯೊ ನಿಲ್ಲಿಸಿ ವಾಹನಗಳ ನಂಬರ್ ನೋಡಲಿ: ನಮ್ಮದು ಕೆಎ-12, ಗಡಿಯಾಚೆಯ ಕೇರಳದ ಕೆಎಲ್ ಕೂಡ ಇಲ್ಲಿ ಮಾಮೂಲು, ಎಲ್ಲವೂ ಎಚ್‌ಪಿ (ಹಿಮಾಚಲ ಪ್ರದೇಶ) ಅಥವಾ ಯುಕೆ (ಉತ್ತರಾಖಂಡ) ಆಗಿದ್ದರೆ ಅದು ಹಿಮಾಲಯದ ಕಡೆಯದು. ನಂತರ ಅಂಗಡಿ ಬೋರ್ಡಿನ ಭಾಷೆ. ಆಮೇಲೆ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿದರೆ ಹಳೆಯ ಸುದ್ದಿ ಸಿಗಬಹುದು. ಏನೂ ಸಿಗಲಿಲ್ಲ ಎಂದಮಾತ್ರಕ್ಕೆ ವಿಡಿಯೊ ನಿಜವೆಂದಲ್ಲ. ಆಗ ಫಾರ್ವರ್ಡ್ ಮಾಡದೆ, ಆ ಊರಿನ ಪರಿಚಯದವರಿಗೆ ಫೋನ್ ಮಾಡಿ ಕೇಳುವುದು ಮುಂದಿನ ಹೆಜ್ಜೆ.