ತಪ್ಪೊಪ್ಪಿಕೊಳ್ಳುತ್ತೇನೆ ಎಂದ ಕಕ್ಷಿದಾರ

ಕೆಲವು ವರ್ಷಗಳ ಹಿಂದೆ ಸಕಲೇಶಪುರದ ಕಡೆಯ ಹಿರಿಯ ಕಾಫಿ ಬೆಳೆಗಾರರೊಬ್ಬರು ಸಮನ್ಸ್ ಹಿಡಿದು ಹಾಸನದ ನನ್ನ ಕಚೇರಿಗೆ ಬಂದರು. ಕಾಡಾನೆ ಹಾವಳಿಗೆ ಪರಿಹಾರ ಕೇಳಿ, ನಿಷೇಧಾಜ್ಞೆ ಇದ್ದಾಗಲೇ ಊರವರೊಂದಿಗೆ ಇಲ್ಲಿನ ಸರ್ಕಾರಿ ಕಚೇರಿಯೊಂದರ ಮುಂದೆ ಕುಳಿತಿದ್ದರು. ಆರೋಪ ಆಗಿನ ದಂಡ ಸಂಹಿತೆಯ 188ನೇ ಕಲಂ, ಅಂದರೆ ಸರ್ಕಾರಿ ಅಧಿಕಾರಿಯ ಆಜ್ಞೆ ಮೀರಿದ್ದು, ಅದೊಂದೇ. ಇಂಥ ಪ್ರಕರಣಗಳಲ್ಲಿ ಕಕ್ಷಿದಾರರ ಮೊದಲ ಮಾತು ‘ನಾನು ಅಲ್ಲಿರಲೇ ಇಲ್ಲ’ ಎಂಬುದು. ಇವರು, ‘ಕುಳಿತದ್ದು ನಿಜ, ಹಾಗೆಂದೇ ಹೇಳುತ್ತೇನೆ. ನೀವು ಪಕ್ಕದಲ್ಲಿ ನಿಂತಿದ್ದರೆ ಸಾಕು ಲಾಯರೇ’ ಎಂದರು.

ವಕೀಲನನ್ನು ಇಷ್ಟು ಪೇಚಿಗೆ ಸಿಲುಕಿಸುವ ಕಕ್ಷಿದಾರರು ಅಪರೂಪ.

ಕಾನೂನು ಅನ್ಯಾಯದ್ದಾಗಿತ್ತು, ಅದಕ್ಕೇ ಮುರಿದೆ ಎಂಬ ವಾದಕ್ಕೆ ದಂಡ ಸಂಹಿತೆಯಲ್ಲಿ ಜಾಗವಿರಲಿಲ್ಲ. 1917ರಲ್ಲಿ ಚಂಪಾರಣ್ ಬಿಟ್ಟು ಹೋಗೆಂದು ಗಾಂಧಿಗೆ ಕೊಟ್ಟ ಆಜ್ಞೆಯೂ ಇಂಥದೇ, ದಂಡ ಪ್ರಕ್ರಿಯಾ ಸಂಹಿತೆಯ 144ನೇ ಕಲಮಿನದು. ಸ್ವತಃ ಬ್ಯಾರಿಸ್ಟರ್ ಆಗಿದ್ದವರು ಮೋತಿಹಾರಿಯ ನ್ಯಾಯಾಲಯದಲ್ಲಿ ಕಾನೂನಿನ ಎಳೆ ಹಿಡಿದು ಜಗ್ಗಲಿಲ್ಲ. ಮೀರಿದ್ದೇನೆ, ಶಿಕ್ಷೆಗೆ ಸಿದ್ಧ ಎಂದರು. ಸರ್ಕಾರ ಮೊಕದ್ದಮೆ ಹಿಂತೆಗೆದುಕೊಂಡಿತು. 1922ರಲ್ಲಿ ಅಹಮದಾಬಾದಿನಲ್ಲಿ ಹೀಗೆಯೇ ಒಪ್ಪಿಕೊಂಡಾಗ ಆರು ವರ್ಷ ಸಜೆಯಾಯಿತು. ಬಸ್ಸಿಗೆ ಕಲ್ಲು ತೂರಿ ಮರುದಿನ ನಿರೀಕ್ಷಣಾ ಜಾಮೀನಿಗೆ ಓಡಿಬರುವವರೂ ತಮ್ಮದು ಸತ್ಯಾಗ್ರಹವೆನ್ನುತ್ತಾರೆ. ಅವರ ಪರವಾಗಿಯೂ ವಕಾಲತ್ತು ಹಾಕುತ್ತೇನೆ. ಆ ಪದವನ್ನು ಮಾತ್ರ ಅರ್ಜಿಯಲ್ಲಿ ಬರೆಯುವುದಿಲ್ಲ.

ಸಂವಿಧಾನದ ದಾರಿ ತೆರೆದಿರುವಾಗ ಸತ್ಯಾಗ್ರಹವನ್ನೂ ಕೈಬಿಡಬೇಕೆಂದು ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಹೇಳಿದ್ದರು. 1927ರಲ್ಲಿ ದಲಿತರಿಗೆ ನಿಷಿದ್ಧವಾಗಿದ್ದ ಮಹಾಡದ ಕೆರೆಯ ನೀರು ಮುಟ್ಟಿ ಕುಡಿದವರ ಮಾತದು, ಹಗುರವಾಗಿ ತಳ್ಳಿಹಾಕಲಾರೆ. ಆದರೆ ಮೂರು ದಿನದ ನಿಷೇಧಾಜ್ಞೆಯನ್ನು ಪ್ರಶ್ನಿಸಲು ನಮ್ಮ ಕಡತ ಬೆಂಗಳೂರಿನ ಹೈಕೋರ್ಟ್ ಮುಟ್ಟುವಷ್ಟರಲ್ಲಿ ಆಜ್ಞೆಯ ಆಯುಸ್ಸೇ ಮುಗಿದಿರುತ್ತದೆ. ಅಂಥ ಹೊತ್ತಿನಲ್ಲಿ ಮುಚ್ಚುಮರೆಯಿಲ್ಲದೆ ಕುಳಿತು, ಬಂದದ್ದನ್ನು ಅನುಭವಿಸುತ್ತೇನೆ ಎನ್ನುವವರನ್ನು ತಪ್ಪಿತಸ್ಥರೆನ್ನಲು ನನಗೆ ನಾಲಿಗೆ ಏಳುವುದಿಲ್ಲ.

ನಮ್ಮ ಪ್ರಕರಣದ ತೊಡಕು ಬೇರೆಯೇ ಇತ್ತು. ಈ ಕಲಮಿನಡಿ ವಿಚಾರಣೆ ನಡೆಯಬೇಕಾದರೆ ಆಜ್ಞೆ ಹೊರಡಿಸಿದ ಅಧಿಕಾರಿ ಅಥವಾ ಅವರ ಮೇಲಧಿಕಾರಿ ನ್ಯಾಯಾಲಯಕ್ಕೆ ಲಿಖಿತ ದೂರು ಕೊಡಬೇಕು. ಪೊಲೀಸರ ದೋಷಾರೋಪಣ ಪಟ್ಟಿ ಸಾಲದು. ಈಗಿನ ನ್ಯಾಯ ಸಂಹಿತೆಯ 223ನೇ ಕಲಮಿಗೂ ಇದೇ ನಿಯಮ. ಕಡತದಲ್ಲಿ ಅಂಥ ದೂರೇ ಇರಲಿಲ್ಲ.

‘ಕೇಸು ನಿಲ್ಲುವುದೇ ಇಲ್ಲ ಗೌಡರೇ’ ಎಂದೆ. ಅವರ ಮುಖ ಅರಳಲಿಲ್ಲ. ಕೊನೆಗೆ ಈ ತಕರಾರು ಎತ್ತಲು ಒಪ್ಪಿದ್ದು ಜೊತೆಗಿದ್ದ ಇಬ್ಬರು ಹುಡುಗರಿಗಾಗಿ. ಒಬ್ಬ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದ. ಇನ್ನೊಬ್ಬ, ನಗಬೇಡಿ, ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಕಟ್ಟಿದ್ದ. ಗೌಡರು ದಂಡ ತೆತ್ತು ಮನೆಗೆ ಹೋಗಬಹುದಿತ್ತು, ಹುಡುಗರಿಗೆ ಹಾಗಲ್ಲ.

ಪ್ರಕರಣ ಬಿದ್ದುಹೋಯಿತು. ಹೊರಗೆ ಬಂದ ಮೇಲೆ, ‘ನಾವು ಮಾಡಿದ್ದು ಸರಿಯೋ ತಪ್ಪೋ ಎಂದು ಸಾಹೇಬರು ಹೇಳಲೇ ಇಲ್ಲವಲ್ಲ?’ ಎಂದು ಕೇಳಿದರು.

‘ಅಲ್ಲಿಯವರೆಗೆ ಹೋಗಲೇ ಇಲ್ಲ ಗೌಡರೇ. ದೂರು ಎಲ್ಲಿದೆ ಎಂಬಲ್ಲಿಗೇ ನಿಂತಿತು.’

ದಂಡ ಕಟ್ಟಲೆಂದು ಎಣಿಸಿ ತಂದಿದ್ದ ನೋಟುಗಳನ್ನು ಮತ್ತೆ ಒಳಜೇಬಿಗೆ ಸೇರಿಸಿ, ಬಸ್ ನಿಲ್ದಾಣದ ಕಡೆಗೆ ನಡೆದರು.