ಅಮ್ಮನ ಫೋನಿನ ವೈಫೈ ಆಫ್ ಮಾಡಿದರೆ ನನ್ನ ಸ್ಪೀಡ್ ಜಾಸ್ತಿ ಆಗುತ್ತಾ?

ಓದುಗರ ಪ್ರಶ್ನೆ: "ನಮ್ಮ ಮನೆಯಲ್ಲಿ 100 ಎಂಬಿಪಿಎಸ್ ಫೈಬರ್ ಕನೆಕ್ಷನ್ ಇದೆ. ರೂಟರ್ ಒಂದೇ. ಐದು ಮೊಬೈಲು, ಒಂದು ಟಿವಿ, ಒಂದು ಲ್ಯಾಪ್‌ಟಾಪ್ ಕನೆಕ್ಟ್ ಆಗಿವೆ. ಅಂದರೆ ಒಂದೊಂದಕ್ಕೆ 14 ಎಂಬಿಪಿಎಸ್ ಮಾತ್ರ ಸಿಗುತ್ತದೆ ಅಲ್ವಾ? ಆಫೀಸ್ ಮೀಟಿಂಗ್ ಇದ್ದಾಗ ಅಮ್ಮನ ಫೋನಿನ ವೈಫೈ ಆಫ್ ಮಾಡಿಸುತ್ತೇನೆ. 200ರ ಪ್ಲಾನ್ ಹಾಕಿಸಲಾ?"

ಉತ್ತರ: ಹಾಗೆ ಭಾಗ ಆಗುವುದಿಲ್ಲ. ಅಮ್ಮನ ವೈಫೈ ಆನ್ ಮಾಡಿಕೊಡಿ, ಪಾಪ.

ಈ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇರುತ್ತದೆ. ಒಮ್ಮೆ ಅತ್ತೆಯ ಫೋನು, ಒಮ್ಮೆ ಮಹಡಿ ಮೇಲೆ ಬಾಡಿಗೆಗಿರುವ ಹುಡುಗರು, ಏಪ್ರಿಲ್ ಬಂತೆಂದರೆ ರಜೆಗೆ ಬಂದ ಅಕ್ಕನ ಮಕ್ಕಳು. ಲೆಕ್ಕ ಮಾತ್ರ ಅದೇ. ನೂರನ್ನು ತಗೋ, ಕನೆಕ್ಟ್ ಆದವರ ಸಂಖ್ಯೆಯಿಂದ ಭಾಗಿಸು. ಭಾಗಾಕಾರ ಎಲ್ಲರಿಗೂ ಚೆನ್ನಾಗಿಯೇ ಬರುತ್ತದೆ, ಸಂತೋಷ. ಆದರೆ ರೂಟರ್ ಈ ಭಾಗಾಕಾರವನ್ನು ಮಾಡುವುದೇ ಇಲ್ಲ.

ಕನೆಕ್ಟ್ ಆಗುವುದು ಅಂದರೆ ಏನು? ರೂಟರ್ ಆ ಫೋನಿಗೆ 192.168.1.5 ಅಂತಲೋ ಇನ್ನೇನೋ ಮನೆಯೊಳಗಿನ ಒಂದು ವಿಳಾಸ ಕೊಟ್ಟು ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಅಷ್ಟೇ. "ಇವರಿಗೆ ಇಷ್ಟು ಸ್ಪೀಡ್" ಅಂತ ಎತ್ತಿಡುವುದಿಲ್ಲ. ಡೇಟಾ ಬರುವುದು ಸಣ್ಣ ಸಣ್ಣ ಪ್ಯಾಕೆಟ್‌ಗಳಲ್ಲಿ, ಒಂದೊಂದೂ ಹೆಚ್ಚೆಂದರೆ 1500 ಬೈಟ್. ಯಾರು ಕೇಳಿದ್ದಾರೋ ಅವರ ಪ್ಯಾಕೆಟ್ ಬರುತ್ತದೆ. ಕೇಳದವರ ಹೆಸರಿನಲ್ಲಿ ಏನೂ ಬರುವುದಿಲ್ಲ. ಏಳು ಸಾಧನಗಳಲ್ಲಿ ನಿಮ್ಮದೊಂದೇ ಏನಾದರೂ ಕೇಳುತ್ತಿದ್ದರೆ ಆ ಕ್ಷಣದಲ್ಲಿ ಪೂರ್ತಿ ನೂರೂ ನಿಮ್ಮದೇ.

ನನ್ನ ಮಾತು ನಂಬಬೇಡಿ, ನೀವೇ ನೋಡಿ. ಈಗಿನ ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಮೇಲ್ಗಡೆ, ಗಡಿಯಾರದ ಪಕ್ಕ, ನೆಟ್ ಸ್ಪೀಡ್ ತೋರಿಸುವ ಸೌಲಭ್ಯ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆನ್ ಮಾಡಿ ಅಮ್ಮನ ಫೋನನ್ನು ಸುಮ್ನೆ ಟೇಬಲ್ ಮೇಲಿಟ್ಟು ಒಂದೆರಡು ನಿಮಿಷ ದಿಟ್ಟಿಸಿ. 0.1 ಕೆಬಿ, 0, 0, ಎಲ್ಲೋ ಒಂದು ಗುಡ್ ಮಾರ್ನಿಂಗ್ ಮೆಸೇಜ್ ಬಂದಾಗ ಒಂದು ಸಲ 40 ಕೆಬಿ, ಮತ್ತೆ 0. ಇದು ನಿಮ್ಮ ಮೀಟಿಂಗಿಗೆ ಅಡ್ಡಿ ಮಾಡುತ್ತಿದೆಯಾ?

ಸರಿ, ಸುಮ್ನೆ ಇರುವುದಿಲ್ಲ, ಎಲ್ಲರೂ ಬಳಸುತ್ತಿದ್ದಾರೆ ಅಂತಲೇ ಇಟ್ಟುಕೊಳ್ಳೋಣ. ಟಿವಿಯಲ್ಲಿ 4ಕೆ ಸಿನಿಮಾ ಓಡುತ್ತಿದ್ದರೆ 15ರಿಂದ 20 ಎಂಬಿಪಿಎಸ್. ಮೊಬೈಲಿನಲ್ಲಿ ಫುಲ್ ಎಚ್‌ಡಿ ವಿಡಿಯೋ ಸುಮಾರು 5. ನಿಮ್ಮ ವಿಡಿಯೋ ಮೀಟಿಂಗ್ 1ರಿಂದ 4ರ ಒಳಗೆ. ಟಿವಿ ಒಂದು, ಮೊಬೈಲಿನಲ್ಲಿ ವಿಡಿಯೋ ನೋಡುವವರು ಮೂವರು, ಮೀಟಿಂಗ್ ಒಂದು, ಎಲ್ಲ ಸೇರಿಸಿದರೂ ನಲವತ್ತು ದಾಟುವುದಿಲ್ಲ. ಇನ್ನೂ ಅರವತ್ತು ಖಾಲಿ. ವಿಡಿಯೋ ಬೇಕಾದಷ್ಟೇ ಎಳೆದುಕೊಳ್ಳುತ್ತದೆ, ಸಿಕ್ಕಿತು ಅಂತ ನೂರನ್ನೂ ನುಂಗುವುದಿಲ್ಲ. ಸಿಕ್ಕಷ್ಟೂ ನುಂಗುವುದು ದೊಡ್ಡ ಡೌನ್‌ಲೋಡ್ ಒಂದೇ, 60 ಜಿಬಿ ಗೇಮ್ ಇಳಿಸಿಕೊಳ್ಳುವ ತಮ್ಮನನ್ನು ಹಿಡಿಯಿರಿ ಬೇಕಾದರೆ.

ಇಷ್ಟು ಹೇಳಿದರೂ ಈ ನಂಬಿಕೆ ಯಾಕೆ ಸಾಯುವುದಿಲ್ಲ? ಒಂದು ಕಾಲದಲ್ಲಿ ಅದು ಹೆಚ್ಚೂಕಮ್ಮಿ ನಿಜವೇ ಆಗಿತ್ತು, ಅದಕ್ಕೆ. ನಮ್ಮ ದೇಶದ 2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು 256 ಕೆಬಿಪಿಎಸ್ ಇದ್ದರೆ ಸಾಕಿತ್ತು. 2005ರಲ್ಲಿ ಬಿಎಸ್‌ಎನ್‌ಎಲ್ ಡೇಟಾಒನ್ ಬಂದಾಗ ನಮ್ಮೂರುಗಳ ಲ್ಯಾಂಡ್‌ಲೈನ್ ತಂತಿಯಲ್ಲಿ ಹರಿದು ಬರುತ್ತಿದ್ದದ್ದೂ ಅಷ್ಟೇ. ಕೆಬಿಪಿಎಸ್ ಅಂದರೆ ಸೆಕೆಂಡಿಗೆ ಇಷ್ಟು ಕಿಲೋಬಿಟ್, ಎಂಟು ಬಿಟ್ ಸೇರಿದರೆ ಒಂದು ಬೈಟ್. ಅಲ್ಲಿಗೆ ಸೆಕೆಂಡಿಗೆ 32 ಕಿಲೋಬೈಟ್. ಐದು ಎಂಬಿಯ ಒಂದು ಹಾಡು ಇಳಿಯಲು ಎರಡೂವರೆ ನಿಮಿಷದ ಮೇಲೆ. ಅಂಥದ್ದರಲ್ಲಿ ಅಣ್ಣ ಒಂದು ಹಾಡು, ತಂಗಿ ಒಂದು ಹಾಡು ಇಳಿಸಲು ಕೂತರೆ ಇಬ್ಬರಿಗೂ ಅರ್ಧರ್ಧವೇ. ಕೆಲವು ಪ್ಲಾನ್‌ಗಳಲ್ಲಿ ರಾತ್ರಿ ಎರಡರಿಂದ ಬೆಳಗ್ಗೆ ಎಂಟರವರೆಗೆ ಬಳಸಿದ್ದು ಲೆಕ್ಕಕ್ಕಿರಲಿಲ್ಲ, ಹಾಗಾಗಿ ಅಲಾರಂ ಇಟ್ಟು ಎದ್ದು ಡೌನ್‌ಲೋಡ್ ಹಾಕಿ ಮಲಗುತ್ತಿದ್ದ ತಲೆಮಾರು ನಮ್ಮದು. ಆಗ ಕಲಿತ ಪಾಠ ತಲೆಯಲ್ಲಿ ಹಾಗೇ ಕೂತಿದೆ. ಇವತ್ತು ನಿಮ್ಮ 100 ಎಂಬಿಪಿಎಸ್ ಅದರ ಸುಮಾರು 390 ಪಟ್ಟು. ದೂರಸಂಪರ್ಕ ಇಲಾಖೆಯೇ 2023ರಲ್ಲಿ ಬ್ರಾಡ್‌ಬ್ಯಾಂಡ್‌ನ ಕನಿಷ್ಠ ಮಿತಿಯನ್ನು 2 ಎಂಬಿಪಿಎಸ್‌ಗೆ ಏರಿಸಿತು. ನಾವು ಮಾತ್ರ ಇನ್ನೂ ಅಮ್ಮನ ಫೋನನ್ನು ದುರುಗುಟ್ಟಿ ನೋಡುತ್ತಿದ್ದೇವೆ.

ಇನ್ನೊಂದು ಮೂಲ ಮೊಬೈಲ್ ಹಾಟ್‌ಸ್ಪಾಟ್. ದಿನಕ್ಕೆ ಎರಡು ಜಿಬಿ ಅಂತ ಇರುತ್ತದಲ್ಲ, ಅದನ್ನು ನಾಲ್ಕು ಜನಕ್ಕೆ ಹಂಚಿದರೆ ಬೇಗ ಖಾಲಿಯಾಗುವುದು ನಿಜ. ಆದರೆ ಅಲ್ಲಿ ಖಾಲಿಯಾಗುವುದು ಡೇಟಾ, ಸ್ಪೀಡ್ ಅಲ್ಲ. ಎಷ್ಟು ಹೇಳಿದರೂ ಇವೆರಡನ್ನು ಕಲಸಿ ಹಾಕುತ್ತಾರೆ. ಫೈಬರ್ ಪ್ಲಾನ್‌ಗಳಿಗೂ ತಿಂಗಳ ಮಿತಿ ಇರುತ್ತದೆ, ಹಲವು ಪ್ಲಾನ್‌ಗಳಲ್ಲಿ ಅದು 3300 ಜಿಬಿ. ಅದನ್ನು ನಿಮ್ಮಮ್ಮ ಧಾರಾವಾಹಿ ನೋಡಿ ಮುಗಿಸಲಾರರು.

ಇಷ್ಟು ಬರೆದ ಮೇಲೆ ಒಂದು ಮಾರುತ್ತರ ಗ್ಯಾರಂಟಿ: "ಇಲ್ಲ ಸರ್, ಅಮ್ಮನ ವೈಫೈ ಆಫ್ ಮಾಡಿದ ಕೂಡಲೇ ನನ್ನ ಮೀಟಿಂಗ್ ಸರಿ ಹೋಯ್ತು, ಕಣ್ಣಾರೆ ನೋಡಿದ್ದೀನಿ."

ನೋಡಿರುತ್ತೀರಿ. ಸುಳ್ಳು ಅನ್ನುವುದಿಲ್ಲ. ನೀವು ಕಂಡದ್ದು ಸರಿ, ಕೊಟ್ಟ ಕಾರಣ ತಪ್ಪು.

ಅಮ್ಮ ಮದುವೆಮನೆಯಿಂದ ಬಂದಿದ್ದರೆ ಫೋನಿನಲ್ಲಿ ತೆಗೆದ ಇನ್ನೂರು ಫೋಟೋ, ಹತ್ತು ವಿಡಿಯೋ ವೈಫೈ ಸಿಕ್ಕಿದ ಕೂಡಲೇ ಬ್ಯಾಕಪ್ ಆಗಲು ಶುರುವಾಗಿರುತ್ತವೆ. ಅದು ಅಪ್‌ಲೋಡ್. ನಿಮ್ಮ ಮೀಟಿಂಗಿನ ವಿಡಿಯೋ ಕೂಡ ಅದೇ ದಾರಿಯಲ್ಲಿ ಹೊರಗೆ ಹೋಗಬೇಕು. ಅಪ್‌ಲೋಡ್ ಸ್ಪೀಡ್ ಕಮ್ಮಿ ಇರುವ ಪ್ಲಾನ್ ಆದರೆ ರೂಟರ್‌ನಲ್ಲಿ ಫೋಟೋಗಳು ಸಾಲುಗಟ್ಟಿ, ನಿಮ್ಮ ಮಾತು ಅವುಗಳ ಹಿಂದೆ ನಿಲ್ಲುತ್ತದೆ. ಮೀಟಿಂಗ್ ಮುಗಿಯುವವರೆಗೆ ಬ್ಯಾಕಪ್ಪನ್ನು ನಿಲ್ಲಿಸಿಡಿ, ಮುಗಿಯಿತು.

ಎರಡನೆಯ ಕಾರಣ ಜನಕ್ಕೆ ಗೊತ್ತೇ ಇರುವುದಿಲ್ಲ, ನನಗೆ ಹೇಳಲು ಬಹಳ ಇಷ್ಟವಾದದ್ದೂ ಅದೇ. ವೈಫೈಯಲ್ಲಿ ಒಂದು ಚಾನೆಲ್ ಮೇಲೆ, ಅಂದರೆ ಒಂದು ರೇಡಿಯೋ ದಾರಿಯಲ್ಲಿ, ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಸಾಧನ ಮಾತಾಡುವುದು. ಉಳಿದವು ಕಾಯಬೇಕು. ರೂಟರ್ ಹಾಲಿನಲ್ಲಿದೆ, ಅಮ್ಮ ಹಿತ್ತಲ ಬಾಗಿಲ ಹತ್ತಿರ ಕೂತು ಫೋನಿನಲ್ಲಿ ಅಡುಗೆ ವಿಡಿಯೋ ನೋಡುತ್ತಿದ್ದಾರೆ, ನಡುವೆ ಎರಡು ಗೋಡೆ. ಅವರ ಫೋನಿಗೂ ರೂಟರ್‌ಗೂ ನಡುವಿನ ವೇಗ 6 ಎಂಬಿಪಿಎಸ್‌ಗೆ ಇಳಿದಿರಬಹುದು. ಅದೇ ಚಾನೆಲ್‌ನಲ್ಲಿ ರೂಟರ್ ಪಕ್ಕದಲ್ಲೇ ಇರುವ ನಿಮ್ಮ ಲ್ಯಾಪ್‌ಟಾಪಿನದು 300. ಈಗ ಅಷ್ಟೇ ಗಾತ್ರದ ಡೇಟಾ ಅಮ್ಮನಿಗೆ ತಲುಪಿಸಲು ರೂಟರ್‌ಗೆ ನಿಮ್ಮದರ ಐವತ್ತು ಪಟ್ಟು ಸಮಯ ಬೇಕು. ಅಷ್ಟು ಹೊತ್ತೂ ನೀವು ಕಾಯುತ್ತೀರಿ. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಒಬ್ಬ ಅಜ್ಜಿಯ ಹೆಬ್ಬೆಟ್ಟು ಯಂತ್ರಕ್ಕೆ ಹತ್ತದೆ, ಒರೆಸಿ ಒತ್ತಿ ಒರೆಸಿ ಒತ್ತಿ, ಹಿಂದಿನವರೆಲ್ಲ ನಿಂತಲ್ಲೇ ನಿಲ್ಲುತ್ತಾರಲ್ಲ, ಹಾಗೆ. ರೇಷನ್ ಕಾರ್ಡ್ ಇಟ್ಟುಕೊಂಡು ಮನೆಯಲ್ಲೇ ಕೂತವರಿಂದ ಆ ಸಾಲು ಉದ್ದವಾಗುವುದಿಲ್ಲ ಅನ್ನುವುದನ್ನೂ ಗಮನಿಸಿ.

ಅಂದರೆ ತೊಂದರೆ ಇರುವುದು ಎಷ್ಟು ಫೋನ್ ಕನೆಕ್ಟ್ ಆಗಿವೆ ಅನ್ನುವುದರಲ್ಲಲ್ಲ, ಯಾವ ಫೋನು ಎಷ್ಟು ದೂರದಿಂದ ಒದ್ದಾಡುತ್ತಿದೆ ಅನ್ನುವುದರಲ್ಲಿ. ಇದನ್ನೂ ನೋಡಬಹುದು. ವೈಫೈ ಸೆಟ್ಟಿಂಗ್ಸ್‌ನಲ್ಲಿ ಕನೆಕ್ಟ್ ಆದ ಹೆಸರಿನ ಪಕ್ಕದ ಚಕ್ರದ ಗುರುತು ಒತ್ತಿದರೆ ಬಹಳಷ್ಟು ಫೋನುಗಳಲ್ಲಿ ಲಿಂಕ್ ಸ್ಪೀಡ್ ಅಂತ ಕಾಣುತ್ತದೆ. ಫೋನ್ ಹಿಡಿದುಕೊಂಡು ಹಾಲಿನಿಂದ ಹಿತ್ತಲಿಗೆ ನಡೆಯಿರಿ, ಮತ್ತೆ ಮತ್ತೆ ತೆರೆದು ನೋಡಿ, ಅಂಕಿ ಇಳಿಯುತ್ತಾ ಹೋಗುತ್ತದೆ. ಕರಾವಳಿಯ ಮುರಕಲ್ಲಿನ ಮನೆ, ಉತ್ತರ ಕರ್ನಾಟಕದ ದಪ್ಪ ಕಲ್ಲಿನ ಗೋಡೆಯ ಮನೆಗಳಾದರೆ ಎರಡನೇ ಕೋಣೆಗೇ ಧೊಪ್ಪೆಂದು ಬೀಳುತ್ತದೆ.

ಹಾಗಾಗಿ ಮೊದಲು ರೂಟರ್‌ನ ಜಾಗ ಬದಲಿಸಿ. ಕೇಬಲ್‌ನವರು ಬಂದವರೇ ತಮಗೆ ಅನುಕೂಲ ಅಂತ ಬಾಗಿಲ ಹತ್ತಿರ ಮೊಳೆ ಹೊಡೆದು ಹೋಗಿರುತ್ತಾರೆ. ನೀವು ಅದನ್ನು ಅಂದ ಕೆಡುತ್ತದೆ ಅಂತ ಟಿವಿ ಹಿಂದಕ್ಕೋ ಸ್ಟೀಲ್ ಬೀರುವಿನ ಪಕ್ಕಕ್ಕೋ ತಳ್ಳಿರುತ್ತೀರಿ. ಮನೆಯ ನಡುವೆ, ಎದೆಮಟ್ಟಕ್ಕಿಂತ ಮೇಲೆ, ಕಬ್ಬಿಣದಿಂದ ದೂರ ಇಡಿಸಿ. ನಿಮ್ಮ ರೂಟರ್ 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ರೇಡಿಯೋ ಬ್ಯಾಂಡಿನಲ್ಲಿ ಎರಡು ವೈಫೈ ಹೆಸರು ತೋರಿಸಿದರೆ, ಹತ್ತಿರ ಇರುವ ಲ್ಯಾಪ್‌ಟಾಪ್, ಟಿವಿಯನ್ನು 5ರ ಹೆಸರಿಗೆ ಜೋಡಿಸಿ, ದೂರದವರು 2.4ರಲ್ಲಿರಲಿ. ಆಗ ಎರಡು ಬೇರೆ ಸಾಲು, ಒಬ್ಬರಿಗೊಬ್ಬರು ಅಡ್ಡ ಬರುವುದಿಲ್ಲ. ಮೀಟಿಂಗ್ ನಿಜಕ್ಕೂ ಮುಖ್ಯವಾದರೆ ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಹಾಕಿ.

200ರ ಪ್ಲಾನ್ ಬೇಡ. ಹಾಕಿಸಿದರೂ ಹಿತ್ತಲಿನ ಫೋನಿಗೆ ಸಿಗುವುದು ಅದೇ 6. ಇನ್ನೊಂದು ತಮಾಷೆ, 200 ಹಾಕಿಸಿ ಕೇಬಲ್‌ನಲ್ಲೂ 94, 95ಕ್ಕೇ ನಿಂತಿದೆ ಅಂತ ಬರೆಯುವವರಿದ್ದಾರೆ. ಅಗ್ಗದ ರೂಟರ್‌ಗಳ ಲ್ಯಾನ್ ಪೋರ್ಟ್ 100ರದ್ದೇ ಆಗಿರುತ್ತದೆ, ಅಥವಾ ಕೇಬಲ್‌ನ ಎಂಟು ಎಳೆಗಳಲ್ಲಿ ಒಂದು ತುಂಡಾಗಿರುತ್ತದೆ. 94 ಕಂಡರೆ ಕಂಪನಿಗೆ ಬೈಯುವ ಮೊದಲು ಪೋರ್ಟ್ ನೋಡಿ.

ಇನ್ನೂ ಭಾಗಾಕಾರವೇ ಸರಿ ಅನ್ನುವವರಿಗೆ ಒಂದು ಲೆಕ್ಕ ಕೊಡುತ್ತೇನೆ. ಮನೆಯೊಳಗೆ ಏಳು ಸಾಧನ ಹಂಚಿಕೊಂಡರೆ ಸಂಕಟಪಡುವ ನಿಮಗೆ ಬೀದಿಯಲ್ಲಿ ನಡೆದಿರುವ ಹಂಚಿಕೆ ಗೊತ್ತಾ? ಹೆಚ್ಚಿನ ಕಡೆ ಮನೆಗೆ ಬರುವ ಫೈಬರ್ ಜಿಪಾನ್ ಎಂಬ ಪದ್ಧತಿಯದು. ಆಪರೇಟರ್ ಕಡೆಯಿಂದ ಹೊರಟ ಒಂದೇ ಗಾಜಿನ ಎಳೆ ಕವಲೊಡೆದು 32 ಅಥವಾ 64 ಮನೆಗಳಿಗೆ ಹೋಗುತ್ತದೆ. ಆ ಒಂದು ಎಳೆಯಲ್ಲಿ ಕೆಳಗೆ ಬರುವುದು ಒಟ್ಟು 2488 ಎಂಬಿಪಿಎಸ್. ಭಾಗಿಸಿ ನೋಡಿ, 64 ಮನೆಯಾದರೆ ತಲಾ 39 ಕೂಡ ಇಲ್ಲ. ಆದರೂ ನೀವು ಸ್ಪೀಡ್ ಟೆಸ್ಟ್ ಮಾಡಿದಾಗ ನೂರು ಬರುತ್ತದೆ, ಪಕ್ಕದ ಮನೆಯವರಿಗೂ ನೂರು, ಎದುರು ಮನೆಯವರಿಗೂ ನೂರು. ಎಲ್ಲರೂ ಒಂದೇ ಸೆಕೆಂಡಿನಲ್ಲಿ ಕೇಳುವುದಿಲ್ಲ, ಅದಕ್ಕೆ. ಇಡೀ ವ್ಯಾಪಾರ ನಿಂತಿರುವುದೇ ಅದರ ಮೇಲೆ.

ಆ ಕವಲು ಇರುವುದು ಕಂಬದ ಮೇಲಿನ ಒಂದು ಸಣ್ಣ ಪೆಟ್ಟಿಗೆಯಲ್ಲಿ. ಅದರೊಳಗೆ ಬೆಳಕನ್ನು ಸೀಳುವ ಗಾಜು ಬಿಟ್ಟರೆ ಬೇರೇನೂ ಇಲ್ಲ, ಕರೆಂಟೇ ಬೇಡ. ಪಕ್ಕದ ಮನೆಯ ಡೇಟಾದ ಬೆಳಕೂ ನಿಮ್ಮ ಮನೆಯೊಳಗಿನ ಫೈಬರ್ ಪೆಟ್ಟಿಗೆಗೆ ಬಂದು ಬೀಳುತ್ತದೆ, ನಿಮ್ಮದಲ್ಲದ್ದನ್ನು ಅದು ಬಿಟ್ಟುಬಿಡುತ್ತದೆ. ಗಾಬರಿ ಬೇಡ, ಎನ್‌ಕ್ರಿಪ್ಟ್ ಮಾಡುವ ವ್ಯವಸ್ಥೆ ಜಿಪಾನ್‌ನಲ್ಲೇ ಇದೆ.

ಕರೆಂಟಿನ ಮಾತು ಬಂತು, ಇದನ್ನು ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ದಾರಿಯಲ್ಲಿ ಕರೆಂಟ್ ಬೇಡ ಅಂದಮೇಲೆ ಬೆಸ್ಕಾಂನವರು ಬೀದಿಗೆಲ್ಲ ಕತ್ತಲೆ ಮಾಡಿದರೂ ನಿಮ್ಮ ನೆಟ್ ನಡೆಯಬೇಕು, ಆಪರೇಟರ್ ಕಡೆ ಬ್ಯಾಕಪ್ ಇದ್ದು ನಿಮ್ಮ ಪೆಟ್ಟಿಗೆಗೆ ಕರೆಂಟ್ ಸಿಕ್ಕರೆ ಸಾಕು. ನಿಮ್ಮಲ್ಲಿ ಪವರ್ ದೀಪ ಹಸಿರಾಗಿದ್ದೂ ಲಾಸ್ (LOS ಅಂತ ಬರೆದಿರುವ) ದೀಪ ಕೆಂಪಗೆ ಮಿಣುಕಿದರೆ ಬೆಳಕೇ ಬರುತ್ತಿಲ್ಲ ಅಂತ ಅರ್ಥ. ಒಂದೋ ಎಳೆ ತುಂಡಾಗಿದೆ, ಇಲ್ಲವೇ ಅವರ ಕಡೆಯ ಬ್ಯಾಟರಿ ಕೈಕೊಟ್ಟಿದೆ, ರೂಟರ್ ಆಫ್ ಮಾಡಿ ಆನ್ ಮಾಡಿ ಪ್ರಯೋಜನವಿಲ್ಲ. ಮನೆಯಲ್ಲಿ ಇನ್ವರ್ಟರ್ ಇದ್ದೂ ಕರೆಂಟ್ ಹೋದಾಗಲೆಲ್ಲ ರೂಟರ್ ಒಮ್ಮೆ ಸತ್ತು ಹುಟ್ಟುತ್ತಿದ್ದರೆ ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದೆಯಾ ಹುಡುಕಿ, ಸಾಮಾನ್ಯವಾಗಿ ಹಿಂಭಾಗದಲ್ಲಿರುತ್ತದೆ. ಅದನ್ನು ಹಾಕಿದರೆ ಬ್ಯಾಟರಿಗೆ ಬೇಗ ಬದಲಾಗುತ್ತದೆ, ರೂಟರ್‌ಗೆ ಗೊತ್ತೇ ಆಗುವುದಿಲ್ಲ. ಇನ್ವರ್ಟರ್ ಇಲ್ಲದವರು ರೂಟರ್‌ಗೆಂದೇ ಬರುವ ಮಿನಿ ಯುಪಿಎಸ್ ತಗೊಳ್ಳಿ. ತಗೊಳ್ಳುವ ಮೊದಲು ನಿಮ್ಮ ಅಡಾಪ್ಟರ್ ಮೇಲಿನ ಸಣ್ಣ ಅಕ್ಷರ ಓದಿ: 12 ವೋಲ್ಟಾ, 9 ವೋಲ್ಟಾ, ಎಷ್ಟು ಆಂಪಿಯರ್. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬೇಕು. 9 ವೋಲ್ಟಿನದಕ್ಕೆ 12 ಕೊಟ್ಟು, ಹೊಗೆ ಬಂದ ಮೇಲೆ ನನಗೆ ಫೋಟೋ ಕಳಿಸಬೇಡಿ.