ಶಸ್ತ್ರಚಿಕಿತ್ಸೆಯ ಪಟ್ಟಿಗೂ ಸಿಇಟಿ ಆಯ್ಕೆಗೂ ಒಂದೇ ಅಂಕಿ ಸಾಲದು

ಶಸ್ತ್ರಚಿಕಿತ್ಸೆಗೆ ಎಷ್ಟು ಹೊತ್ತು ಬೇಕೆಂದು ಕೇಳಿದರೆ ಅನುಭವಿ ಸರ್ಜನ್‌ಗಳು ಸಾಮಾನ್ಯವಾಗಿ ಎಲ್ಲವೂ ಸುಗಮವಾಗಿ ನಡೆದ ದಿನದ ಅವಧಿಯನ್ನೇ ಹೇಳುತ್ತಾರೆ. ಅಂಟಿಕೊಂಡ ಕರುಳು, ಬೇಗ ನಿಲ್ಲದ ರಕ್ತಸ್ರಾವ, ಅರಿವಳಿಕೆಯ ತೊಡಕು ಇವೆಲ್ಲ ಸಮಯವನ್ನು ಹಿಗ್ಗಿಸುತ್ತವೆಯೇ ಹೊರತು ಕುಗ್ಗಿಸುವುದಿಲ್ಲ. ಆದ್ದರಿಂದ ಆಪರೇಷನ್ ಥಿಯೇಟರಿನ ಅವಧಿಗಳ ನಕ್ಷೆಗೆ ಬಲಗಡೆ ಉದ್ದನೆಯ ಬಾಲವಿರುತ್ತದೆ. ಲಾಗ್-ನಾರ್ಮಲ್ ಹಂಚಿಕೆ, ಅಂದರೆ ಅವಧಿಗಳ ಲಾಗರಿದಮ್ ತೆಗೆದರೆ ಗಂಟೆಯಾಕಾರದ ಸಮ ನಕ್ಷೆ ಸಿಗುವ ಹಂಚಿಕೆ, ಅದಕ್ಕೆ ಚೆನ್ನಾಗಿ ಹೊಂದುತ್ತದೆ.

ಉದಾಹರಣೆಗೆ, ಮಧ್ಯಾಂಕ 60 ನಿಮಿಷ (ಅರ್ಧದಷ್ಟು ಇದರೊಳಗೆ ಮುಗಿಯುತ್ತವೆ), ಲಾಗ್ ಅಳತೆಯಲ್ಲಿ ಮಾನಕ ವಿಚಲನೆ (ಏರಿಳಿತದ ಅಳತೆ) 0.5 ಇರುವ ಒಂದು ಶಸ್ತ್ರಚಿಕಿತ್ಸೆಯನ್ನು ತೆಗೆದುಕೊಳ್ಳೋಣ. ಅದರ ಸರಾಸರಿ 68 ನಿಮಿಷವಾಗುತ್ತದೆ. ಹತ್ತರಲ್ಲಿ ಒಂದು 114 ನಿಮಿಷವನ್ನೂ ಮೀರುತ್ತದೆ. ಇಂಥ ನಾಲ್ಕನ್ನು ತಲಾ ಒಂದು ಗಂಟೆಯಂತೆ ಪಟ್ಟಿಗೆ ಹಾಕಿದರೆ ಸರಾಸರಿ ಅರ್ಧ ಗಂಟೆಗೂ ಹೆಚ್ಚು ತಡವಾಗುವುದು ಯಾರ ನಿರ್ಲಕ್ಷ್ಯದಿಂದಲೂ ಅಲ್ಲ, ಲೆಕ್ಕದಿಂದಲೇ. ಹೆದರಿ ಪ್ರತಿಯೊಂದಕ್ಕೂ 114 ನಿಮಿಷ ಕೊಟ್ಟರೆ 456 ನಿಮಿಷ ಮೀಸಲಾಗುತ್ತದೆ. ಆದರೆ ನಾಲ್ಕೂ ಒಂದೇ ದಿನ ಕೈಕೊಡುವುದು ವಿರಳವಾದುದರಿಂದ, ಹತ್ತರಲ್ಲಿ ಒಂಬತ್ತು ದಿನ ಇಡೀ ಪಟ್ಟಿ ಸುಮಾರು 370 ನಿಮಿಷದೊಳಗೆ ಮುಗಿಯುತ್ತದೆ. ಉಳಿಯುವ ಒಂದೂವರೆ ಗಂಟೆಯಲ್ಲಿ ತಿಂಗಳುಗಟ್ಟಲೆ ಕಾದ ಮತ್ತೊಬ್ಬ ರೋಗಿಗೆ ಸರದಿ ಸಿಗಬಹುದಿತ್ತು. ನನ್ನನ್ನು ಹೆಚ್ಚು ಕಾಡುವುದು ಈ ನಷ್ಟವೇ. (ಒಂದರ ವಿಳಂಬಕ್ಕೂ ಇನ್ನೊಂದರದಕ್ಕೂ ಸಂಬಂಧವಿಲ್ಲವೆಂಬ ಊಹೆ ಇಲ್ಲಿದೆ. ಉಪಕರಣಗಳ ಶುದ್ಧೀಕರಣವೇ ತಡವಾದ ದಿನ ಆ ಊಹೆ ನಿಲ್ಲದು.)

ಎಷ್ಟು ಸಮಯ ಮೀಸಲಿಡಬೇಕು ಎಂಬುದು ತಪ್ಪಿನ ಬೆಲೆಯನ್ನು ಅವಲಂಬಿಸಿದೆ. ಪಾಳಿ ಮೀರಿದ ಒಂದು ನಿಮಿಷದ ವೆಚ್ಚ, ಥಿಯೇಟರ್ ಖಾಲಿ ಬಿದ್ದ ನಿಮಿಷದ ಎರಡರಷ್ಟಿದ್ದರೆ, ಮೂರರಲ್ಲಿ ಎರಡು ದಿನ ಒಳಗೇ ಮುಗಿಯುವಷ್ಟು, ಅಂದರೆ ಇಲ್ಲಿ ಇಡೀ ಪಟ್ಟಿಗೆ ಐದು ಗಂಟೆಗಿಂತ ತುಸು ಕಡಿಮೆ ಇಡುವುದು ಸೂಕ್ತ.

ಸಿಇಟಿ ಆಪ್ಷನ್ ಎಂಟ್ರಿಯ (ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ನಮೂದಿಸುವ ಪಟ್ಟಿಯ) ಮುಂದೆ ಕೂತ ಪೋಷಕರಿಗೂ ನಾನು ಇದೇ ಪ್ರಶ್ನೆ ಕೇಳುತ್ತೇನೆ: ಯಾವ ತಪ್ಪಿಗೆ ಬೆಲೆ ಹೆಚ್ಚು? ಸೀಟು ರ್‍ಯಾಂಕಿನ ಕ್ರಮದಲ್ಲಿ ಹಂಚಿಕೆಯಾಗುವುದರಿಂದ, ಕೈಗೆಟುಕದಂತೆ ಕಾಣುವ ಕಾಲೇಜನ್ನು ಮೇಲೆ ಬರೆದರೆ ನಷ್ಟವೇನೂ ಇಲ್ಲ. ಅದು ಸಿಗದಿದ್ದರೆ ಮುಂದಿನ ಆಯ್ಕೆಯನ್ನು ನೋಡುತ್ತಾರೆ. ಹೋದ ವರ್ಷದ ಕಟ್‌ಆಫ್ ದಾಟಲಿಲ್ಲವೆಂದು ಇಷ್ಟದ ಕಾಲೇಜನ್ನು ಕೈಬಿಡುವ ಮಕ್ಕಳನ್ನು ಕಂಡರೆ ಸಂಕಟವಾಗುತ್ತದೆ, ಏಕೆಂದರೆ ಆ ಕಟ್‌ಆಫ್ ಬದಲಾಗುತ್ತಲೇ ಇರುವ ಅಂಕಿಗಳಲ್ಲಿ ಒಂದು ಮಾತ್ರ. 2021ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಗಿ, ಎಂಜಿನಿಯರಿಂಗ್ ರ್‍ಯಾಂಕನ್ನು ಸಿಇಟಿ ಅಂಕದಿಂದಲೇ ನಿರ್ಧರಿಸಿದ್ದರು. ಅಂಥ ವರ್ಷವನ್ನು ಉಳಿದವುಗಳೊಡನೆ ಬೆರೆಸಿ ಸರಾಸರಿ ತೆಗೆಯಬಾರದು.

ನಿಜವಾದ ಅಪಾಯವಿರುವುದು ಪಟ್ಟಿಯ ಕೆಳತುದಿಯಲ್ಲಿ, ಅಲ್ಲಿ ತಪ್ಪಿದರೆ ಸೀಟೇ ಇಲ್ಲದೆ ಉಳಿಯಬೇಕಾದೀತು. ಹಾಗಾಗಿ ಕಟ್‌ಆಫ್ ಅತಿ ಬಿಗಿಯಾಗಿದ್ದ ವರ್ಷದಲ್ಲೂ ತಮ್ಮ ಪ್ರವರ್ಗದಲ್ಲಿ ತಮ್ಮ ರ್‍ಯಾಂಕಿಗೆ ಸೀಟು ಸಿಗುತ್ತಿದ್ದ, ಸೇರಲು ಮನಸ್ಸೂ ಇರುವ ಎರಡು ಮೂರು ಆಯ್ಕೆಗಳು ಕೊನೆಯಲ್ಲಿ ಇರಲೇಬೇಕು.